ಹರಿಪುರದ ಪಟಗಳು: ನಂದಲಾಲ ಬೋಸರಿಗೆ ಕೈಕಸಬಿನಿಂದ ದೊರೆತ ಸ್ಫೂರ್ತಿ

ಕ್ರಿ. ಶ. 1938ನೆಯ ಫೆಬ್ರವರಿ ತಿಂಗಳಲ್ಲಿ ಗುಜರಾತಿನ ತಾಪೀ ನದೀತೀರದ ಹರಿಪುರವೆಂಬ ಹಳ್ಳಿಯಲ್ಲಿ, ಸುಭಾಷಚಂದ್ರ ಬೋಸರ ಅಧ್ಯಕ್ಷತೆಯಲ್ಲಿ, ಕಾಂಗ್ರೆಸ್ಸಿನ 51ನೆಯ ಅಧಿವೇಶನವು ನೆರವೇರಿತು. ಆ ಸಂದರ್ಭಕ್ಕಾಗಿ ನಿರ್ಮಿತವಾದ ವಿಠಲನಗರದ ಹೆಬ್ಬಾಗಿಲುಗಳನ್ನೂ ಬಿಡಾರಗಳನ್ನೂ ಅಲಂಕರಿಸಿದ ಪಟಗಳ ಕರ್ತೃಗಳು ಶಾಂತಿನಿಕೇತನದ ಕಲಾಭವನದ ಆಚಾರ್ಯರಾದ ನಂದಲಾಲ ಬೋಸರು (1882–1966). ನೇಗಿಲು ಹಿಡಿದ ರೈತ, ಡೋಲು ಬಾರಿಸುವವನು, ಭತ್ತ ಕುಟ್ಟುವ ಹೆಂಗಸರು, ಸೆಣಸುವ ಜಟ್ಟಿಗಳು, ಬೇಟೆಗಾರ, ತಾಯಿ ಮತ್ತು ಮಗು, ಇವೇ ಅವುಗಳ ವಸ್ತು. ಈ ಪಟಗಳ ಪ್ರಸ್ತಾಪ ಬಂದಾಗಲೆಲ್ಲ ಅವು ಜಾನಪದ ಶೈಲಿಯ ಅನುಕರಣಗಳೆಂದು ಒಂದು ಮಾತಿನಲ್ಲಿ ಹೇಳಿ ಮುಂದೆ ಸಾಗುವುದು ರೂಢಿಯಾಗಿದೆ. ಈ ಮಾತು ಸುಳ್ಳಲ್ಲವಾದರೂ ಸಾಲದು. ನಂದಲಾಲರು ಕಸಬುದಾರರಿಂದ ಪಡೆದುದು ಆಕಾರಗಳಿಗಿಂತ ಹೆಚ್ಚಾಗಿ ಕೆಲಸದ ಕ್ರಮವನ್ನು ಎಂಬುದು ಅವರ ಜೀವನಕ್ರಮವನ್ನು ಪರಿಶೀಲಿಸಿದರೆ ವಿಶದವಾಗುತ್ತದೆ.

ನವೀನ ವಂಗೀಯ ಚಿತ್ರಕಲೆಯು ಹುಟ್ಟಿದಾಗ ಅದರ ದೃಷ್ಟಿಯೆಲ್ಲ ಪ್ರಾಚೀನದ ಕಡೆಗೆ ತಿರುಗಿದ್ದಿತು. ಕಲ್ಕತ್ತೆಯ ಸರಕಾರೀ ಕಲಾಶಾಲೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾದವರಿಗೆ ಅಜಂತೆ, ಮೊಗಲರ ಕಿರುಚಿತ್ರ, ಪುರಾಣಕಥೆ ಇವೇ ಆದರ್ಶಗಳು. 1909ರಿಂದ 1911ರ ವರೆಗಿನ ಎರಡು ಚಳಿಗಾಲಗಳಲ್ಲಿ ಹೆರಿಂಗ್‌ಹ್ಯಾಮ್ ಎಂಬ ಆಂಗ್ಲ ಮಹಿಳೆಯು ಅಜಂತೆಯ ಭಿತ್ತಿಚಿತ್ರಗಳ ಪ್ರತಿಗಳನ್ನು ತೆಗೆಯಿಸಿದಾಗ ನೆರವಾದ ತರುಣರಲ್ಲಿ ನಂದಲಾಲರೂ ಒಬ್ಬರು, ಮೈಸೂರಿನಿಂದ ಕಲ್ಕತ್ತೆಗೆ ಹೋಗಿದ್ದ ಕೆ. ವೆಂಕಟಪ್ಪನವರೂ ಒಬ್ಬರು. ಸಾವಿರ ವರ್ಷಗಳಿಗೂ ಹಿಂದಿನ ಗೆರೆಯನ್ನು ಗುಹೆಯ ಗೋಡೆಯಿಂದ ಕಾಗದಕ್ಕೆ ಇಳಿಸಿದ ಆ ಶ್ರಮವು ವ್ಯರ್ಥವಾಗಲಿಲ್ಲ. ಆದರೆ ಅಜಂತೆಯ ಚಿತ್ರಕಾರನನ್ನು ಕೇಳಿ ತಿಳಿಯುವಂತಿರಲಿಲ್ಲ. ಸುಣ್ಣವನ್ನು ಹೇಗೆ ಅರೆದನು, ಕುಂಚವನ್ನು ಯಾವುದರಿಂದ ಕಟ್ಟಿದನು, ಒಂದು ದಿನಕ್ಕೆ ಎಷ್ಟು ಗೋಡೆಯನ್ನು ಮುಗಿಸುತ್ತಿದ್ದನು ಎಂಬುದನ್ನೆಲ್ಲ ಊಹಿಸಬೇಕಾಗಿದ್ದಿತು.

ಬದುಕಿರುವ ಕೈಗಳ ಕಡೆಗೆ ದೃಷ್ಟಿ ಹೊರಳಿದುದು ತರುವಾಯ. ಅವನೀಂದ್ರನಾಥರು 1919ರಲ್ಲಿ ‘ಬಾಂಗ್ಲಾರ್ ವ್ರತ’ ಎಂಬ ಗ್ರಂಥವನ್ನು ಪ್ರಕಟಿಸಿ, ವಂಗದೇಶದ ಹೆಂಗಸರು ವ್ರತಕಾಲದಲ್ಲಿ ಅಕ್ಕಿಹಿಟ್ಟಿನ ನೀರಿನಿಂದ ನೆಲದ ಮೇಲೆ ಬಿಡಿಸುವ ‘ಆಲ್ಪನಾ’ ರೇಖೆಗಳನ್ನು ವಿಚಾರಿಸಿದರು. ವ್ರತದ ಹಾಡೂ ಕಥೆಯೂ ನೆಲದ ರೇಖೆಯೂ ಒಂದೇ ಕಾಮನೆಯ ಬೇರೆ ಬೇರೆ ಉಚ್ಚಾರಗಳೆಂಬ ಅವರ ವಿವೇಚನೆಯು ಸಾಹಿತ್ಯಾಭ್ಯಾಸಿಗಳೂ ಗಮನಿಸತಕ್ಕುದು. ಕನ್ನಡ ನಾಡಿನ ಹೊಸಲ ರಂಗವಲ್ಲಿಯನ್ನು ನಿತ್ಯವೂ ಕಂಡು ದಾಟಿ ಹೋಗುವವರಿಗೆ ಇದು ಹೊಸ ಮಾತಾಗಿ ತೋರಲಾರದು. ಆದರೆ ವಿದ್ವಾಂಸನೊಬ್ಬನು ಅದಕ್ಕಾಗಿ ಒಂದು ಗ್ರಂಥವನ್ನೇ ಮೀಸಲಿಟ್ಟುದು ಆ ಕಾಲಕ್ಕೆ ಹೊಸದೇ.

ಅದೇ ವರ್ಷ ಶಾಂತಿನಿಕೇತನದಲ್ಲಿ ಕಲಾಭವನವು ಸ್ಥಾಪಿತವಾಯಿತು. ನಂದಲಾಲರು ಅದರ ಮುಖ್ಯಸ್ಥರಾದ ಮೇಲೆ ಅಲ್ಲಿಯ ಶಿಕ್ಷಣಕ್ರಮದಲ್ಲಿ ಒಂದು ವಿಶೇಷವು ಕಂಡುಬರುತ್ತದೆ. ಕಲಾಶಾಲೆಯ ಮೆಟ್ಟಿಲು ಹತ್ತದವರು ಅಲ್ಲಿ ಗುರುಗಳಾದರು. ಸುಕುಮಾರೀ ದೇವಿಯವರು ಆಲ್ಪನಾವನ್ನೂ ಕಸೂತಿಯನ್ನೂ ಕಲಿಸಿದರು. ಜಯಪುರದ ಕುಶಲಿ ನರಸಿಂಗಲಾಲನನ್ನು ಕರೆಯಿಸಿ, ಹಸಿಗಾರೆಯ ಮೇಲೆ ಬಣ್ಣವಿಟ್ಟು ತಿಕ್ಕಿ ಮೆರುಗು ಕೊಡುವ ಅವನ ನಾಡಿನ ವಿಧಾನವನ್ನು ಗುರುಶಿಷ್ಯರಿಬ್ಬರೂ ಕಲಿತರು. ಗೃಹಿಣಿಯೂ ಮೇಸ್ತ್ರಿಯೂ ಕಲಾವಿದರಿಗೆ ಪಾಠ ಹೇಳಿದರೆಂಬುದು ಸಣ್ಣ ಸಂಗತಿಯಲ್ಲ. ಶಿಲ್ಪಿಯೂ ಕಲಾವಿದನೂ ಬೇರೆ ಜಾತಿಯವರೆಂಬ, ವಿಲಾಯತಿ ಶಿಕ್ಷಣವು ತಂದೊಡ್ಡಿದ ಭೇದವು ಅಲ್ಲಿ ಮೊದಲು ಸಡಿಲಿತು.

ಹರಿಪುರದ ಪಟಗಳಿಗೆ ಸಮೀಪವಾದ ಬಂಧುಗಳೆಂದರೆ ಕಲ್ಕತ್ತೆಯ ಕಾಳೀಘಾಟಿನ ಪಟುವಾಗಳ ಚಿತ್ರಗಳು. ಕಾಳೀಗುಡಿಯ ಸುತ್ತಣ ಓಣಿಗಳಲ್ಲಿ ನೆಲಸಿ ಯಾತ್ರಿಕರಿಗೆ ಅಗ್ಗವಾದ ಚಿತ್ರಗಳನ್ನು ಮಾರುತ್ತಿದ್ದ ಈ ಪಟುವಾಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರವರ್ಧಮಾನದಲ್ಲಿದ್ದರು. ಸುರುಳಿಯ ಪಟವನ್ನು ಬಿಚ್ಚುತ್ತ ಕಥೆ ಹಾಡುವ ಹಳ್ಳಿಯ ವೃತ್ತಿಯನ್ನು ಬಿಟ್ಟು ನಗರಕ್ಕೆ ಬಂದ ಮೇಲೆ ಅವರು ಒಂದೇ ಹಾಳೆಗೆ ಒಂದೇ ಚಿತ್ರವೆಂಬ ಪದ್ಧತಿಯನ್ನು ಹಿಡಿದರು. ಮನೆಯವರೆಲ್ಲ ಸೇರಿ ಮಾಡುವ ಕೆಲಸವದು: ಒಬ್ಬನು ಗೆರೆ ಎಳೆದರೆ ಇನ್ನೊಬ್ಬನು ಬಣ್ಣ ತುಂಬುವನು. ಬೆಲೆ ಕಡಮೆಯಾದುದರಿಂದ ವೇಗ ಅವಶ್ಯಕ; ವೇಗದಿಂದ ಗೆರೆಗೆ ಬಿಗಿಯೂ ಬಳುಕೂ ಬಂದುವು; ಹಿನ್ನೆಲೆಯನ್ನು ಬರಿದಾಗಿ ಬಿಡುವುದು ಅನಿವಾರ್ಯವಾಯಿತು. ಪಂಡಿತರು ಗುಣವೆಂದು ಕೊಂಡಾಡುವ ಆ ಸರಳತೆಯು ಬಹುಮಟ್ಟಿಗೆ ಹೊಟ್ಟೆಪಾಡಿನಿಂದ ಹುಟ್ಟಿದುದು. ಆಮೇಲೆ ಕಲ್ಲಚ್ಚಿನ ಬಣ್ಣದ ಚಿತ್ರಗಳು ಇನ್ನೂ ಅಗ್ಗವಾಗಿ ಬಂದುವು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿಯೇ ಪಟುವಾಗಳ ವ್ಯಾಪಾರ ಕುಗ್ಗಿ, ಹರಿಪುರದ ಅಧಿವೇಶನದ ಹೊತ್ತಿಗೆ ಬಹುತೇಕ ನಿಂತೇಹೋಗಿದ್ದಿತು. ಹೀಗೆ ಸಂತೆಯಿಂದ ಹೊರಬಿದ್ದ ಕಸಬು ಅದೇ ಕಾಲದಲ್ಲಿ ಕಲಾವಿದನ ಮನೆಯನ್ನು ಹೊಕ್ಕಿತು. ಈ ಎರಡು ಘಟನೆಗಳನ್ನು ಒಟ್ಟಿಗೆ ನೋಡದೆ ಒಂದನ್ನೇ ಹೊಗಳುವುದು ನ್ಯಾಯವಲ್ಲ.

ಕಾಂಗ್ರೆಸ್ಸಿನೊಡನೆ ನಂದಲಾಲರ ಸಂಬಂಧವು 1936ರ ಲಖನೌ ಅಧಿವೇಶನದಲ್ಲಿ ಗಾಂಧೀಜಿಯವರ ಅಪೇಕ್ಷೆಯಂತೆ ಕಲಾಪ್ರದರ್ಶನವನ್ನು ಏರ್ಪಡಿಸಿದುದರಿಂದ ಬೆಳೆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಖಾನದೇಶದ ಫೈಜಪುರದಲ್ಲಿ, ಮೊತ್ತಮೊದಲಾಗಿ ಹಳ್ಳಿಯೊಂದರಲ್ಲಿ ನೆರೆದ ಅಧಿವೇಶನಕ್ಕೆ ಬಿದಿರು ಮುಂತಾದ ಸ್ಥಳೀಯ ಸಾಮಗ್ರಿಗಳಿಂದಲೇ ಅಲಂಕಾರ ನಡೆಯಿತು. ಹರಿಪುರದ ಕಾರ್ಯವು ಇವೆರಡರ ಪರಿಪಾಕ.

ಅಲ್ಲಿ ನಂದಲಾಲರು ಬರೆದ ಮೂಲಪಟಗಳು ಎಂಬತ್ತಕ್ಕೂ ಹೆಚ್ಚು. ಶಿಷ್ಯರು ಅವುಗಳಿಂದ ಪ್ರತಿಗಳನ್ನು ತೆಗೆದುದರಿಂದ ಒಟ್ಟು ಸಂಖ್ಯೆಯು ಸುಮಾರು 400ಕ್ಕೆ ಏರಿತು. ಪ್ರತಿಯೊಂದೂ ಹೆಚ್ಚು ಕಡಮೆ ಎರಡಡಿಯ ಹಾಳೆ. ಕಾಗದವು ಕೈಯಿಂದ ತಯಾರಾದುದು. ಬಣ್ಣಗಳು ಮಣ್ಣಿನವು, ಅಂಟಿನಲ್ಲಿ ಕಲಸಿದವು. ಅನೇಕ ಪಟಗಳಲ್ಲಿ ಗುಡಿಯ ಗೂಡಿನಂಥ ಕಮಾನಿನ ಒಳಗೆ ವ್ಯಕ್ತಿಯನ್ನು ನಿಲ್ಲಿಸಿದೆ. ದೇವತೆಗೆ ಸಲ್ಲುತ್ತಿದ್ದ ಕಮಾನು ಇಲ್ಲಿ ಉಳುವವನಿಗೆ ಸಂದಿತು. ಅಗಲವಾದ ಕುಂಚದ ಗೆರೆಯು ಒಂದೆಡೆ ತೋರವಾಗಿ, ಒಂದೆಡೆ ಕೃಶವಾಗಿ, ತೋಳು ತೊಡೆಗಳ ದುಂಡುತನವನ್ನು ನೆರಳಿನ ಸಹಾಯವಿಲ್ಲದೆ ಸೂಚಿಸುತ್ತದೆ. ಡೋಲಿನವನ ಬಾಗಿದ ಬೆನ್ನಿನಲ್ಲಿ ಬಡಿತದ ಲಯವೇ ಇದೆ.

ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಕಾಳೀಘಾಟಿನ ಪಟುವಾಗಳು ಬಳಸಿದುದು ಗಿರಣಿಯ ಕಾಗದ, ಏಕೆಂದರೆ ಅದು ಅಗ್ಗ. ನಂದಲಾಲರು ಆರಿಸಿದುದು ಕೈಕಾಗದ, ಏಕೆಂದರೆ ಅದು 1934ರಿಂದ ಗ್ರಾಮೋದ್ಯೋಗ ಸಂಘವು ಪುನರುಜ್ಜೀವಿಸಲು ಯತ್ನಿಸುತ್ತಿದ್ದ ಕಸಬುಗಳಲ್ಲೊಂದು. ಒಬ್ಬರದು ಅವಶ್ಯಕತೆ, ಇನ್ನೊಬ್ಬರದು ವ್ರತ. ಆದರೂ ಕೆಲಸಕ್ಕೆ ಇಳಿದ ಮೇಲೆ ಇಬ್ಬರ ಸ್ಥಿತಿಯೂ ಒಂದೇ ಆಯಿತು. ಅಧಿವೇಶನದ ದಿನ ನಿಶ್ಚಿತ, ಹಾಳೆಗಳು ನೂರಾರು, ನೋಡುವವರು ದಾರಿಹೋಕರು. ತಿದ್ದುತ್ತ ಕುಳಿತುಕೊಳ್ಳುವ ಅವಕಾಶವಿಲ್ಲ. ಪಟುವಾಗಳ ಮೂಗು ಕಣ್ಣುಗಳನ್ನು ನಂದಲಾಲರು ನಕಲು ಮಾಡಲಿಲ್ಲ. ಅವರ ದುಡಿಮೆಯ ನಿರ್ಬಂಧಗಳನ್ನು ಒಪ್ಪಿಕೊಂಡರು, ಗೆರೆಯು ತಾನಾಗಿಯೇ ಆ ಜಾತಿಯದಾಯಿತು. ಯಾಮಿನೀ ರಾಯರು (1887–1972) ಇದೇ ಮೂಲದಿಂದ ಬೇರೊಂದು ದಾರಿ ಹಿಡಿದು, ರೂಪಗಳನ್ನೇ ಶೋಧಿಸಿ ಒಂದು ಅಚ್ಚಿಗೆ ತಂದರು. ಅವರ ಚಿತ್ರಗಳು ಹೆಚ್ಚು ಪರಿಷ್ಕೃತವಾದರೂ ಹರಿಪುರದ ಪಟಗಳ ಚುರುಕು ಅವುಗಳಲ್ಲಿ ವಿರಳ.

ನಂದಲಾಲರ ಸಹಪಾಠಿ ವೆಂಕಟಪ್ಪನವರನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಲ್ಲ. ಅವರು ಮೈಸೂರಿನ ಚಿತ್ರಗಾರರ ವಂಶದಲ್ಲಿ ಜನಿಸಿದವರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ ಕಲ್ಕತ್ತೆಗೆ ಹೋದವರು. ಕಸಬು ಅವರಿಗೆ ರಕ್ತಗತವಾಗಿದ್ದಿತು. ಹಿಂತಿರುಗಿದ ಮೇಲೆ ಅರಮನೆಗಾಗಿ ಉಬ್ಬುಚಿತ್ರಗಳನ್ನು ರಚಿಸಿದರು, ಉದಕಮಂಡಲದ ಮಂಜನ್ನೂ ಬೆಳಕನ್ನೂ ನೀರ್ಬಣ್ಣದಲ್ಲಿ ಹಿಡಿದರು, ವೀಣೆ ಶೇಷಣ್ಣನವರಲ್ಲಿ ವೀಣೆಯನ್ನು ಕಲಿತರು. ಆದರೆ ಕುಲದ ಕಾರ್ಖಾನೆಯ ಸಾಮೂಹಿಕ ದುಡಿಮೆಯಿಂದ ದೂರ ಸರಿದು, 1965ರಲ್ಲಿ ದಿವಂಗತರಾಗುವವರೆಗೂ ಏಕಾಂತ ಸಾಧಕರಾಗಿಯೇ ಉಳಿದರು. ಜಮೀನುದಾರಿಯ ಅಧಿಕಾರಿಯೊಬ್ಬರ ಮಗನಾದ ನಂದಲಾಲರು ಪಟುವಾಗಳ ಕೆಲಸದ ಕ್ರಮಕ್ಕೆ ಇಳಿದರು. ಚಿತ್ರಗಾರರ ಮನೆಯ ಮಗನು ಅದರಿಂದ ಹೊರಬಂದರು. ಅರಮನೆಯ ಅಪ್ಪಣೆಗಾಗಿ ಕಾಯುವ ಕಸಬಿನ ಬಾಳು ಒಳಗಿನಿಂದ ಎಂಥದೆಂಬುದನ್ನು ಬಲ್ಲವನಿಗೆ ಅದರಲ್ಲಿ ವ್ರತದ ಸೊಗಸು ತೋರದೆ ಹೋದರೆ ಆಶ್ಚರ್ಯವೇನು?

ಅಧಿವೇಶನದ ಕೆಲವು ದಿನಗಳಿಗಾಗಿ, ಬಿಸಿಲು ಗಾಳಿಗಳಲ್ಲಿ ತೂಗಲೆಂದು ಬರೆದ ಹರಿಪುರದ ಹಾಳೆಗಳಲ್ಲಿ ಅನೇಕವು ಈಗ ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿವೆ. ಕೆಲವು 2019ರಲ್ಲಿ ವೆನಿಸ್ ನಗರದ ಅಂತಾರಾಷ್ಟ್ರೀಯ ಪ್ರದರ್ಶನದ ಭಾರತೀಯ ವಿಭಾಗದಲ್ಲಿ ಕಾಣಿಸಿಕೊಂಡುವು. 1972ರ ಪ್ರಾಚೀನ ವಸ್ತು ಮತ್ತು ಕಲಾನಿಧಿಗಳ ಕಾಯಿದೆಯ ಮೇರೆಗೆ ನಂದಲಾಲರ ಕೃತಿಗಳು ಕಲಾನಿಧಿಗಳೆಂದು ಘೋಷಿತವಾಗಿರುವುದರಿಂದ ಅವುಗಳನ್ನು ದೇಶದ ಹೊರಗೆ ಮಾರುವಂತಿಲ್ಲ. ಪಟುವಾಗಳ ಚಿತ್ರಗಳಾದರೋ, ಯಾತ್ರಿಕರ ಗಂಟುಮೂಟೆಗಳಲ್ಲಿ, ಪಾದ್ರಿಗಳ ಪೆಟ್ಟಿಗೆಗಳಲ್ಲಿ, ಎಂದೋ ಕಡಲು ದಾಟಿದುವು. ಅವುಗಳ ಒಂದು ದೊಡ್ಡ ಸಂಗ್ರಹವನ್ನು ನೋಡಬೇಕಾದರೆ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು.