ನಮ್ಮ ಕರಾವಳಿಯಲ್ಲಿ ಟೊಮೆಟೊ ಯಾಕೆ ಆಗೋದಿಲ್ಲ? ಐನೂರು ವರ್ಷದ ಒಂದು ಕಥೆ

1/9
ಹೋದ ವಾರ ಸ್ಟೋರಿಯಲ್ಲಿ ಕೇಳಿದ್ದೆ, "ನಿಮ್ಮ ಮನೆಯಲ್ಲಿ ಟೊಮೆಟೊ ನೆಟ್ಟು ಗೆದ್ದವರು ಯಾರಾದ್ರೂ ಇದ್ದೀರಾ?" ಅಂತ. ಉಡುಪಿ, ಕುಂದಾಪುರ, ಮಂಗಳೂರು, ಕಾರವಾರದವರ ಉತ್ತರ ಹೆಚ್ಚು ಕಡಿಮೆ ಒಂದೇ. ಗಿಡ ಚೆಂದ ಬಂತು, ಹೂ ಬಿಟ್ಟಿತು, ಹೂ ಉದುರಿತು. ಇಲ್ಲವೇ ಬೆಳಿಗ್ಗೆ ಹಸಿರಾಗಿದ್ದ ಗಿಡ ಸಂಜೆ ಸೊರಗಿ ನಿಂತಿತು. ಬೆಂಗಳೂರು, ಕೋಲಾರದ ಫ್ರೆಂಡ್ಸ್ ಮಾತ್ರ "ಬೀಜ ಎಸೆದ್ರೂ ಹುಟ್ಟತ್ತೆ" ಅಂದ್ರು!

2023ರ ಜುಲೈಯಲ್ಲಿ ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿದಾಗ ನಮ್ಮಜ್ಜಿಯೂ ಹಿತ್ತಲಲ್ಲಿ ಹತ್ತು ಗಿಡ ನೆಟ್ಟಿದ್ರು. ಹತ್ತೂ ಹೋದವು. "ನನ್ನ ಕೈಗುಣ ಹೋಯ್ತು ಕಾಣ್ತದೆ" ಅಂದ್ರು. ನಾನು ನಕ್ಕಿದ್ದೆ. ಆಮೇಲೆ ಓದುತ್ತಾ ಹೋದಾಗ ಗೊತ್ತಾಯ್ತು, ತಪ್ಪು ಕೈಗುಣದ್ದಲ್ಲ. ಹಾಗಾದ್ರೆ ಯಾರದ್ದು? ಸ್ವೈಪ್ ಮಾಡ್ತಾ ಬನ್ನಿ.

2/9
ಮೊದಲು ಊರು ಯಾವುದು ನೋಡೋಣ. ಟೊಮೆಟೊದ ಕಾಡು ಬಂಧುಗಳು ಹುಟ್ಟಿದ್ದು ದಕ್ಷಿಣ ಅಮೆರಿಕದ ಪಶ್ಚಿಮ ಅಂಚಿನಲ್ಲಿ, ಪೆರು ಮತ್ತು ಈಕ್ವೆಡಾರ್ ಕಡೆ. ಒಂದು ಬದಿ ಆಂಡೀಸ್ ಪರ್ವತ, ಇನ್ನೊಂದು ಬದಿ ತಣ್ಣನೆಯ ಸಮುದ್ರ. ಅದನ್ನು ದೊಡ್ಡ ಹಣ್ಣಿನ ಬೆಳೆಯಾಗಿ ಪಳಗಿಸಿದ್ದು ಮೆಕ್ಸಿಕೋದ ಜನ. ಹೆಸರು ಕೂಡ ಅವರ ನಾವಾಟಲ್ ಭಾಷೆಯ 'ತೊಮಾತ್ಲ್' ಎಂಬ ಪದದಿಂದ ಬಂದದ್ದು. ಅಜ್ಟೆಕ್ ರಾಜಧಾನಿ ತೆನೊಚ್ತಿತ್ಲಾನ್ ಸಂತೆಯಲ್ಲಿ ಟೊಮೆಟೊ ಮಾರುವವರ ಬಗ್ಗೆ 16ನೇ ಶತಮಾನದ ಪಾದ್ರಿ ಸಹಗುನ್ ಬರೆದಿಟ್ಟಿದ್ದಾನೆ.

ಈಗ ಒಂದು ವಿಷಯ ಗಮನಿಸಿ. ಆ ನಗರ ಇದ್ದದ್ದು ಇವತ್ತಿನ ಮೆಕ್ಸಿಕೋ ಸಿಟಿ ಇರುವಲ್ಲೇ, ಸಮುದ್ರ ಮಟ್ಟಕ್ಕಿಂತ 2,200 ಮೀಟರಿಗೂ ಎತ್ತರದಲ್ಲಿ. ಅಂದರೆ ಟೊಮೆಟೊ ಉಷ್ಣವಲಯದ ಗಿಡ ಹೌದು, ಆದರೆ ರಾತ್ರಿ ಚಳಿಯಾಗುವ ಜಾಗಕ್ಕೆ ಒಗ್ಗಿದ ಗಿಡ. ಹಗಲು ಬಿಸಿಲು, ರಾತ್ರಿ ತಂಪು. ಇದು ಕಥೆಯ ಬೀಗದಕೈ, ನೆನಪಲ್ಲಿಡಿ.

3/9
1521ರಲ್ಲಿ ಸ್ಪೇನಿನವರು ತೆನೊಚ್ತಿತ್ಲಾನ್ ಗೆದ್ದರು. 1544ರ ಹೊತ್ತಿಗೆ ಇಟಲಿಯ ಮತ್ತಿಯೋಲಿ ಎಂಬ ವೈದ್ಯ ಈ ಹಣ್ಣಿನ ಬಗ್ಗೆ ಬರೆದಾಗಿತ್ತು. ಅವನಿಗೆ ಅದು ಕಂಡದ್ದು ಹೇಗೆ ಗೊತ್ತಾ? ಒಂದು ಬಗೆಯ ಬದನೆಯ ಹಾಗೆ!

ನಮ್ಮ ಕಡೆಗೆ ಅದು ಬಂದದ್ದು ಪೋರ್ಚುಗೀಸರ ಹಡಗಿನ ದಾರಿಯಲ್ಲಿ ಎಂದು ಹೆಚ್ಚಿನ ಇತಿಹಾಸಕಾರರು ಹೇಳುತ್ತಾರೆ. 1510ರಲ್ಲಿ ಗೋವಾ ಅವರ ಕೈ ಸೇರಿತ್ತು. ನಮ್ಮ ಬಸ್ರೂರಿನ ಅಕ್ಕಿ ಗೋವಾಕ್ಕೆ ಹೋಗ್ತಿತ್ತು. ಅಮೆರಿಕದ ಮೆಣಸು, ಗೋಡಂಬಿ, ಪಪ್ಪಾಯಿ, ಅನಾನಸು ಈ ಕರಾವಳಿಯಲ್ಲೇ ಇಳಿದು ನಮ್ಮವೇ ಆಗಿಬಿಟ್ಟವು. ಒಣಮೆಣಸಿಲ್ಲದ ಉಡುಪಿ ಸಾಂಬಾರು ಊಹಿಸಿ ನೋಡುವಾ!

ಆದರೆ ಟೊಮೆಟೊ? 19ನೇ ಶತಮಾನದ ಕೊನೆಯಲ್ಲಿ ಜಾರ್ಜ್ ವಾಟ್ ಎಂಬ ಬ್ರಿಟಿಷ್ ಸಸ್ಯಶಾಸ್ತ್ರಜ್ಞ ಭಾರತದ ಬೆಳೆಗಳ ದೊಡ್ಡ ಕೋಶ ಬರೆದಾಗಲೂ, ಇಲ್ಲಿ ಟೊಮೆಟೊ ಬೆಳೆಯುತ್ತಿದ್ದದ್ದು ಮುಖ್ಯವಾಗಿ ಯುರೋಪಿಯನ್ನರಿಗಾಗಿ ಎಂದೇ ಹೇಳಿದ. ಬಂಗಾಳಿಯಲ್ಲಿ, ಒಡಿಯಾದಲ್ಲಿ ಅದರ ಹಳೇ ಹೆಸರಿನ ಅರ್ಥವೇ 'ವಿಲಾಯತಿ ಬದನೆ'. ಮನೆಗೆ ಬಂದು ಶತಮಾನ ಕಳೆದರೂ ನೆಂಟನೇ!

4/9
ಮೆಣಸು ಯಾಕೆ ಗೆದ್ದಿತು, ಟೊಮೆಟೊ ಯಾಕೆ ತಡ ಮಾಡಿತು? ನನಗೆ ಅನಿಸುವ ಕಾರಣ ಮೂರು.

ಒಂದು, ಮೆಣಸನ್ನು ಒಣಗಿಸಿ ಇಡೀ ಮಳೆಗಾಲ ಇಡಬಹುದು. ಟೊಮೆಟೊ ನಾಲ್ಕು ದಿನಕ್ಕೆ ಕೊಳೆಯುತ್ತದೆ.

ಎರಡು, ಟೊಮೆಟೊ ಅಡುಗೆಗೆ ಕೊಡುವುದು ಹುಳಿ. ನಮಗೆ ಹುಳಿಗೆ ಬರ ಎಲ್ಲಿತ್ತು? ಹುಣಸೆ, ಪುನರ್ಪುಳಿ, ಅಮಟೆಕಾಯಿ, ಬಿಂಬುಳಿ, ಮಾವಿನಕಾಯಿ ಎಲ್ಲ ಹಿತ್ತಲಲ್ಲೇ ಇತ್ತು. ಶ್ರಾದ್ಧದ ಅಡುಗೆಗೆ ಇವತ್ತಿಗೂ ಎಷ್ಟೋ ಮನೆಗಳಲ್ಲಿ ಟೊಮೆಟೊ ಹಾಕೋದಿಲ್ಲ. ಅದು ಹೊಸಬ ಅನ್ನುವ ನೆನಪು ಅಡುಗೆಮನೆಯಲ್ಲಿ ಇನ್ನೂ ಉಳಿದಿದೆ.

ಮೂರು, ಇದೇ ಮುಖ್ಯ. ಕರಾವಳಿಯಲ್ಲಿ ಅದು ಕಾಯಿ ಕಟ್ಟಲೇ ಇಲ್ಲ. ಯಾಕೆ ಅಂತ ವಿಜ್ಞಾನಕ್ಕೆ ಗೊತ್ತಾಗಲು 1944 ಬರಬೇಕಾಯಿತು.

5/9
1944. ಕ್ಯಾಲಿಫೋರ್ನಿಯಾದಲ್ಲಿ ಫ್ರಿಟ್ಸ್ ವೆಂಟ್ ಎಂಬ ಡಚ್ ಮೂಲದ ವಿಜ್ಞಾನಿ ತಾಪಮಾನ ನಿಯಂತ್ರಿಸಬಹುದಾದ ಗಾಜಿನ ಮನೆಗಳಲ್ಲಿ ಟೊಮೆಟೊ ಬೆಳೆಸಿ ನೋಡಿದ. ಹಗಲಿಗಿಂತ ರಾತ್ರಿಯ ತಾಪವೇ ಕಾಯಿ ಕಟ್ಟುವುದನ್ನು ನಿರ್ಧರಿಸುತ್ತದೆ ಅನ್ನೋದು ಅವನು ಕಂಡದ್ದು. ರಾತ್ರಿ 15ರಿಂದ 20 ಡಿಗ್ರಿ ಸೆಲ್ಸಿಯಸ್ ಇದ್ದರೆ ಗಿಡಕ್ಕೆ ಖುಷಿ. ಅದಕ್ಕಿಂತ ಹೆಚ್ಚಾದ ಹಾಗೆ ಪರಾಗದ ಶಕ್ತಿ ಕುಂದುತ್ತದೆ, ಹೂ ಉದುರುತ್ತದೆ.

ಈಗ ನಮ್ಮೂರು ನೋಡಿ. ಏಪ್ರಿಲ್, ಮೇಯಲ್ಲಿ ರಾತ್ರಿಯೂ 25 ಡಿಗ್ರಿ ಆಸುಪಾಸು. ಫ್ಯಾನ್ ಇಲ್ಲದೆ ನಿಮಗೇ ನಿದ್ದೆ ಬರೋದಿಲ್ಲ, ಅದಕ್ಕೆ ಹೇಗೆ ಬರಬೇಕು? ಮೇಲೆ ತೇವದ ಗಾಳಿ. ಟೊಮೆಟೊ ಹೂವಿನ ಪರಾಗ ಪುಡಿಯಾಗಿ ಉದುರಬೇಕು. ಗಾಳಿ ಒದ್ದೆ ಇದ್ದರೆ ಅದು ಅಂಟಿಕೊಂಡು ಕೂರುತ್ತದೆ. ಕೋಲಾರ ಸಮುದ್ರ ಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿದೆ. ರಾತ್ರಿ ತಂಪು, ಮಳೆ ಕಡಿಮೆ. ಅಲ್ಲಿಂದ ಲಾರಿ ಘಾಟಿ ಇಳಿದು ಬರ್ತದೆ, ನಾವು ಸಾರು ಮಾಡ್ತೇವೆ. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಜರಿದರೆ ನಮ್ಮ ಸಾರಿಗೂ ಚಿಂತೆ.

6/9
ಇನ್ನು ಎರಡನೇ ಶತ್ರು, ಸೊರಗು ರೋಗ. ಅಜ್ಜಿಯ ಗಿಡಗಳನ್ನು ಕೊಂದದ್ದು ಇದೇ. 1896ರಲ್ಲಿ ಅಮೆರಿಕದ ಎರ್ವಿನ್ ಸ್ಮಿತ್ ಇದಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ವಿವರಿಸಿದ. ಇವತ್ತಿನ ಹೆಸರು ರಾಲ್‌ಸ್ಟೋನಿಯಾ. ಬಿಸಿ ಮತ್ತು ಒದ್ದೆ ಮಣ್ಣು ಇದಕ್ಕೆ ಸ್ವರ್ಗ. ಬೇರಿನ ಗಾಯದಿಂದ ಒಳಗೆ ಹೋಗಿ ನೀರು ಸಾಗುವ ನಾಳಗಳನ್ನೇ ಮುಚ್ಚಿಬಿಡುತ್ತದೆ. ಗಿಡ ಬಾಯಾರಿ ಸಾಯುತ್ತದೆ, ಬುಡದಲ್ಲಿ ನೀರಿದ್ದರೂ. ಅದನ್ನು ನೋಡಿ ನಾವು ಇನ್ನಷ್ಟು ನೀರು ಹಾಕ್ತೇವೆ. ರೋಗ ಪಕ್ಕದ ಗಿಡಕ್ಕೂ ಹರಿಯುತ್ತದೆ.

ನೀವೇ ಪರೀಕ್ಷೆ ಮಾಡಬಹುದು. ಸೊರಗಿದ ಗಿಡದ ಬುಡದ ಕಾಂಡ ಕತ್ತರಿಸಿ, ಗಾಜಿನ ಲೋಟದ ನೀರಲ್ಲಿ ತುದಿ ಮುಳುಗಿಸಿ ಹಿಡಿಯಿರಿ. ಕೆಲವು ನಿಮಿಷದಲ್ಲಿ ಹಾಲಿನಂಥ ಬಿಳಿ ಎಳೆ ಇಳಿದರೆ ಅದೇ. ನಾನು ಮಾಡಿ ಅಜ್ಜಿಗೆ ತೋರಿಸಿದೆ. ತುಂಬ ಹೊತ್ತು ಲೋಟವನ್ನೇ ನೋಡಿದ್ರು. "ಹಾಗಾದ್ರೆ ನನ್ನಿಂದ ಹೋದದ್ದಲ್ಲ" ಅಂದ್ರು. ಈ ಸರಣಿ ಬರೆಯಲು ಹೊರಟದ್ದು ಆ ಒಂದು ಮಾತಿಗೆ.

7/9
ಹಾಗಾದ್ರೆ ಕರಾವಳಿಯಲ್ಲಿ ಏನೂ ಬೆಳೀತಿರಲಿಲ್ವಾ? ಅಲ್ಲ! ಇಲ್ಲಿ ಬೇರೆಯೇ ಒಂದು ಕ್ಯಾಲೆಂಡರ್ ಇತ್ತು.

ಮಳೆಗಾಲದಲ್ಲಿ ಮುಳ್ಳುಸೌತೆ, ಹೀರೆ, ಬೆಂಡೆ. ಗುಡ್ಡದಿಂದ ತಗತೆ ಸೊಪ್ಪು, ಪತ್ರೊಡೆಗೆ ಕೆಸು, ಕಣಿಲೆ. ಭತ್ತ ಕೊಯ್ದ ಮೇಲೆ ಅದೇ ಗದ್ದೆಯಲ್ಲಿ ಅಲಸಂಡೆ, ಹರಿವೆ, ಸೌತೆ. ಬಚ್ಚಲ ನೀರು ಹೋಗುವಲ್ಲಿ ಬಸಳೆ ಚಪ್ಪರ. ಬೇಸಿಗೆಯಲ್ಲಿ ಕೊಯ್ದ ಮಂಗಳೂರು ಸೌತೆಯನ್ನು ಅಟ್ಟದ ಕೆಳಗೆ ಕಟ್ಟಿ ತೂಗುಹಾಕಿದರೆ ಮಳೆಗಾಲದವರೆಗೂ ಕೆಡುವುದಿಲ್ಲ. ಫ್ರಿಜ್ ಬೇಡ, ಕರೆಂಟ್ ಬೇಡ.

ಬದನೆಯೂ ಇತ್ತು. ಅದು ಏಷ್ಯಾದ್ದೇ ಗಿಡ, ಸೆಕೆ ಗೊತ್ತಿರುವ ಗಿಡ. ಉಡುಪಿ ಹತ್ತಿರದ ಮಟ್ಟು ಗ್ರಾಮದ ಗುಳ್ಳ ನಿಮಗೆ ಗೊತ್ತೇ ಇದೆ. ತಿಳಿ ಹಸಿರು, ಗುಂಡು, ಮೈಮೇಲೆ ಗೆರೆ. 16ನೇ ಶತಮಾನದ ವಾದಿರಾಜ ಸ್ವಾಮಿಗಳು ಬೀಜ ಕೊಟ್ಟರು ಎಂಬ ನಂಬಿಕೆ ಇದೆ. ಮೊದಲ ಬೆಳೆ ಇವತ್ತಿಗೂ ಕೃಷ್ಣನಿಗೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚ್ಯಂಕ, ಅಂದರೆ ಜಿಐ ಮಾನ್ಯತೆ ಸಿಕ್ಕಿತು. ಬೆಳೆಯುವುದು ಯಾವಾಗ? ಮಳೆಗಾಲದ ಭತ್ತ ಮುಗಿದ ಮೇಲೆ.

8/9
ಈಗ ಕಥೆಯ ತಿರುವು. ಮತ್ತಿಯೋಲಿ ಟೊಮೆಟೊವನ್ನು ಬದನೆಯ ಜೊತೆ ಸೇರಿಸಿದ್ದ. 1753ರಲ್ಲಿ ಲಿನೇಯಸ್ ಕೂಡ ಎರಡನ್ನೂ 'ಸೊಲಾನಂ' ಎಂಬ ಒಂದೇ ಕುಲದಲ್ಲಿಟ್ಟ. ಮರುವರ್ಷವೇ ಫಿಲಿಪ್ ಮಿಲ್ಲರ್ ಎಂಬ ಇಂಗ್ಲಿಷ್ ತೋಟಗಾರ ಟೊಮೆಟೊಗೆ ಬೇರೆ ಮನೆ ಮಾಡಿಕೊಟ್ಟ. ಇನ್ನೂರು ವರ್ಷಕ್ಕೂ ಹೆಚ್ಚು ಅದೇ ನಡೆಯಿತು. ಕೊನೆಗೆ ಡಿಎನ್ಎ ನೋಡಿದರೆ ಲಿನೇಯಸನೇ ಸರಿ! ವಿಲಾಯತಿ ಬದನೆ ಎಂದ ಬಂಗಾಳದ ಸಂತೆಯವರೂ ಸರಿ.

ಈ ನೆಂಟಸ್ತಿಕೆಯಿಂದ ಲಾಭ ಏನು? 1971ರಲ್ಲಿ ತೈವಾನಿನಲ್ಲಿ ಶುರುವಾದ ಏಷ್ಯಾದ ತರಕಾರಿ ಸಂಶೋಧನಾ ಕೇಂದ್ರ ಸೆಕೆಯಲ್ಲೂ ಕಾಯಿ ಕಟ್ಟುವ ಟೊಮೆಟೊ ಹುಡುಕಲು ಹೊರಟಿತು. ಬದನೆಯ ಬೇರಿನ ಮೇಲೆ ಟೊಮೆಟೊ ಕಸಿ ಕಟ್ಟುವುದನ್ನೂ ರೈತರಿಗೆ ಕಲಿಸಿತು. ಸೊರಗು ರೋಗವನ್ನೂ ನಿಂತ ನೀರನ್ನೂ ತಡೆಯುವ ಬದನೆಯ ಬೇರು ಕೆಳಗೆ, ಟೊಮೆಟೊ ಮೇಲೆ. ಕೇರಳ ಕೃಷಿ ವಿಶ್ವವಿದ್ಯಾಲಯ 'ಶಕ್ತಿ' ತಳಿ ಕೊಟ್ಟಿತು. ನಮ್ಮ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ 'ಅರ್ಕಾ ಆಭಾ', ಆಮೇಲೆ 'ಅರ್ಕಾ ರಕ್ಷಕ್' ಕೊಟ್ಟಿತು. ಎಲ್ಲವೂ ಸೊರಗು ರೋಗ ತಡೆಯುವವು.

9/9
ಹಾಗಾದ್ರೆ ನಾವು ಎಂತ ಮಾಡುವುದು?

ಟೊಮೆಟೊ ಬೇಕೇ ಬೇಕಾ? ಮಳೆ ಕಡಿಮೆಯಾದ ಮೇಲೆ, ಸೆಪ್ಟೆಂಬರ್ ಕೊನೆಗೆ ಸಸಿ ಮಾಡಿ. ಡಿಸೆಂಬರ್, ಜನವರಿಯ ತಂಪು ರಾತ್ರಿಗಳಲ್ಲಿ ಹೂ ಬಿಡಲಿ. ಸೊರಗು ತಡೆಯುವ ತಳಿಯನ್ನೇ ಕೇಳಿ ತನ್ನಿ. ಬದನೆ, ಮೆಣಸು, ಟೊಮೆಟೊ ಸತ್ತ ಮಣ್ಣಲ್ಲಿ ಮತ್ತೆ ನೆಡಬೇಡಿ. ಏರು ಮಡಿ ಮಾಡಿ, ನೀರು ನಿಲ್ಲಬಾರದು. ಬೆಳಿಗ್ಗೆ ಹೂಗೊಂಚಲನ್ನು ಬೆರಳಿಂದ ಮೆಲ್ಲಗೆ ತಟ್ಟಿ, ಪರಾಗ ಉದುರಲಿ. ಧೈರ್ಯ ಇದ್ದವರು ಬೇಲಿಯ ಸುಂಡೆ ಗಿಡದ ಮೇಲೆ ಕಸಿ ಕಟ್ಟಿ ನೋಡಿ.

ಆದರೆ ಇನ್ನೊಂದು ಮಾತು. ಟೊಮೆಟೊ ಬೀಜ ಅಂಗಡಿಯಲ್ಲಿ ಯಾವಾಗಲೂ ಸಿಗುತ್ತದೆ. ಅಜ್ಜಿಯ ಡಬ್ಬಿಯಲ್ಲಿ ಬೂದಿ ಬೆರೆಸಿ ಇಟ್ಟ ಅಲಸಂಡೆ, ಸೌತೆ, ಹರಿವೆ ಬೀಜ ಕೆಲವೇ ವರ್ಷ ಬದುಕುತ್ತದೆ. ಯಾರೂ ಬಿತ್ತದಿದ್ದರೆ ಮುಗೀತು. ಈ ಸೆಕೆ, ಈ ಮಳೆ, ಈ ಮಣ್ಣು ಗೊತ್ತಿದ್ದ ಬೀಜ ಅದು. ಟೊಮೆಟೊ ಸೋತಾಗ ನಮ್ಮಜ್ಜಿ ತಮ್ಮನ್ನೇ ಬೈದುಕೊಂಡರು. ಅದೇ ಹಿತ್ತಲಲ್ಲಿ ಐವತ್ತು ವರ್ಷ ಬಸಳೆ ಗೆದ್ದದ್ದನ್ನು ಯಾರೂ ಲೆಕ್ಕಕ್ಕೇ ಹಿಡಿದಿರಲಿಲ್ಲ, ನಾನೂ ಸಹ.

ಈ ರಜೆಯಲ್ಲಿ ಒಂದು ಕೆಲಸ ಮಾಡಿ. ಮನೆಯ ಹಿರಿಯರ ಹತ್ತಿರ ಎರಡೇ ಪ್ರಶ್ನೆ ಕೇಳಿ: ಟೊಮೆಟೊ ಇಲ್ಲದಾಗ ಸಾರಿಗೆ ಹುಳಿ ಎಂತ ಹಾಕ್ತಿದ್ರಿ? ಯಾವ ಬೀಜ ಇನ್ನೂ ಇಟ್ಟಿದ್ದೀರಿ? ಉತ್ತರ ಕಮೆಂಟಲ್ಲಿ ಬರೆಯಿರಿ. ಹೆಚ್ಚಿಗೆ ಬೀಜ ಇದ್ದರೆ ಹೇಳಿ, ಕಾಲೇಜಿಗೆ ತನ್ನಿ, ಹಂಚಿಕೊಳ್ಳುವಾ. ನಮ್ಮಜ್ಜಿಯ ಸೌತೆ ಬೀಜ ನಾನು ತರ್ತೇನೆ.

#ಹಿತ್ತಲಿನಇತಿಹಾಸ #ಕರಾವಳಿ #ಟೊಮೆಟೊಕಥೆ #ಮಟ್ಟುಗುಳ್ಳ #ಅಜ್ಜಿಯಬೀಜ