ನಿಲ್ಲಿಸುವ ವಿದ್ಯೆ

ಕರಿಘಟ್ಟದ ಶ್ರೀನಿವಾಸನ ದರ್ಶನಕ್ಕೆ ಎರಡು ದಾರಿ. ಒಂದು ಮೆಟ್ಟಿಲು, ನಾನೂರಕ್ಕೂ ಹೆಚ್ಚು. ಇನ್ನೊಂದು ಬೆಟ್ಟ ಬಳಸಿಕೊಂಡು ಹೋಗೋ ಡಾಂಬರು ರಸ್ತೆ. ಅವ್ವನಿಗೆ ಮಂಡಿನೋವು, ಹಾಗಾಗಿ ನಮ್ಮದು ಯಾವಾಗಲೂ ಎರಡನೇ ದಾರಿ. ಹೋದ ವರ್ಷ ಒಂದು ಶನಿವಾರ ಬೆಂಗಳೂರಿಂದ ಬೆಳಿಗ್ಗೆ ಹೊರಟು, ಊರಲ್ಲಿ ಅಪ್ಪ ಅವ್ವನನ್ನ ಹತ್ತಿಸಿಕೊಂಡು ಸೀದಾ ಬೆಟ್ಟಕ್ಕೆ ಹೋದೆ. ದಾರಿಯುದ್ದಕ್ಕೂ ಏನೋ ಸುಟ್ಟ ವಾಸನೆ. ಮುಂದಿನ ಲಾರಿಯದ್ದು ಅಂದುಕೊಂಡೆ.

ದರ್ಶನ ಮುಗಿಸಿ ಇಳೀತಾ ಇದ್ದೀವಿ. ಎರಡನೇ ತಿರುವಲ್ಲಿ ಬ್ರೇಕ್ ಒತ್ತಿದೆ. ಪೆಡಲ್ ಹತ್ತಿ ಮೂಟೆ ಮೇಲೆ ಕಾಲಿಟ್ಟ ಹಾಗೆ ಮೆತ್ತಗೆ ನೆಲಕ್ಕೆ ಹೋಯ್ತು. ಕಾರು ನಿಲ್ಲಲಿಲ್ಲ. ಎರಡನೇ ಗೇರು, ಆಮೇಲೆ ಒಂದನೇ ಗೇರು, ಜೊತೆಗೆ ಹ್ಯಾಂಡ್‌ಬ್ರೇಕು ಸ್ವಲ್ಪ ಸ್ವಲ್ಪವಾಗಿ ಎಳೆದು, ಬೆಟ್ಟದ ಕಡೆ ಮಣ್ಣಿಗೆ ಚಕ್ರ ಹತ್ತಿಸಿ ಹೇಗೋ ನಿಲ್ಲಿಸಿದೆ. ಅವ್ವ ಹಿಂದಿನ ಸೀಟಲ್ಲಿ ಪ್ರಸಾದದ ಪೊಟ್ಟಣ ಬಿಚ್ಚುತ್ತಾ ಇದ್ದರು, ಅವರಿಗೆ ಗೊತ್ತೇ ಆಗಲಿಲ್ಲ. ಅಪ್ಪನಿಗೆ ಗೊತ್ತಾಯ್ತು. ಏನೂ ಮಾತಾಡದೆ ಇಳಿದು ಹಿಂದಿನ ಚಕ್ರಕ್ಕೆ ಒಂದು ಕಲ್ಲು ಕೊಟ್ಟರು.

ಮುಂದಿನ ಎಡ ಚಕ್ರದ ಹತ್ತಿರ ಕೈ ಇಡೋಕೆ ಆಗದಷ್ಟು ಬಿಸಿ. ಅರ್ಧ ಗಂಟೆ ಬಿಟ್ಟು ಒತ್ತಿ ನೋಡಿದರೆ ಪೆಡಲ್ ಮತ್ತೆ ಗಟ್ಟಿ! ಆ ಅರ್ಧ ಗಂಟೆ ಬಂಡೆ ಮೇಲೆ ಕೂತು ಕೆಳಗೆ ನೋಡ್ತಾ ಇದ್ದೆ. ಕಾವೇರಿ, ಬೆಟ್ಟದ ಬುಡದಲ್ಲಿ ಅವಳನ್ನು ಸೇರೋಕೆ ಹೋಗ್ತಿರೋ ಲೋಕಪಾವನಿ, ಆಚೆ ಶ್ರೀರಂಗಪಟ್ಟಣ. ಇದೇ ಬಯಲಲ್ಲಿ ಇನ್ನೂರು ಚಿಲ್ಲರೆ ವರ್ಷಗಳ ಹಿಂದೆ ಒಂದು ದೊಡ್ಡ ಸೈನ್ಯಕ್ಕೆ ನನಗೆ ಬಂದಿದ್ದರ ಉಲ್ಟಾ ಕಷ್ಟ ಬಂದಿತ್ತು.

1791ರ ಮೇ ತಿಂಗಳು. ಲಾರ್ಡ್ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದು ಶ್ರೀರಂಗಪಟ್ಟಣದ ಮೇಲೆ ಬಂದ. ಮೇ 15ರಂದು ಅರಕೆರೆ ಹತ್ತಿರ ಟಿಪ್ಪುವಿನ ಸೈನ್ಯದ ಜೊತೆ ಕಾಳಗ ಆಯ್ತು. ಕಾಳಗದಲ್ಲಿ ಕಾರ್ನ್‌ವಾಲಿಸನ ಕೈ ಮೇಲಾಯ್ತು, ಆದರೆ ಗೆದ್ದು ಏನು ಪ್ರಯೋಜನ? ಮಳೆ ಹಿಡಿದಿತ್ತು, ಮೇವಿರಲಿಲ್ಲ, ರೋಗ ಬಂದು ಎತ್ತುಗಳು ಸಾಯ್ತಾ ಇದ್ದವು. ಕೋಟೆ ಒಡೆಯೋಕೆ ತಂದಿದ್ದ ಭಾರೀ ಫಿರಂಗಿಗಳನ್ನ ಎಳೆಯೋರೇ ಇಲ್ಲ. ಕೊನೆಗೆ ಕನ್ನಂಬಾಡಿ ಕಡೆ ಹೋಗಿ, ತನ್ನ ದೊಡ್ಡ ಫಿರಂಗಿಗಳನ್ನ ತಾನೇ ಹಾಳುಮಾಡಿ ಬೆಂಗಳೂರಿಗೆ ವಾಪಸ್ ಹೊರಟ. ಮತ್ತೆ ಬಂದದ್ದು ಎತ್ತು, ಆನೆ, ಬಂಜಾರರ ದವಸದ ಸಾಲು ಎಲ್ಲ ಹೊಂದಿಸಿಕೊಂಡ ಮೇಲೆ. 1792ರ ಫೆಬ್ರವರಿ 6ರ ರಾತ್ರಿ ದಾಳಿ ನಡೆದಾಗ ಅವನ ಎಡಗಡೆಯ ಪಡೆ, ಮ್ಯಾಕ್ಸ್‌ವೆಲ್ ಅನ್ನೋ ಅಧಿಕಾರಿಯ ಕೈಕೆಳಗೆ, ಹಿಡಿದದ್ದು ಇದೇ ಕರಿಘಟ್ಟವನ್ನ.

ಅಂದರೆ ಆ ಕಾಲದಲ್ಲಿ ಭಾರ ಅಲುಗಾಡಿಸೋದೇ ಕಷ್ಟ. ಎಳೆಯೋ ಶಕ್ತಿಯೇ ರಾಜ್ಯದ ಆಸ್ತಿ. ಮೈಸೂರು ಅರಸರ ‘ಬೆಣ್ಣೆ ಚಾವಡಿ’ಯ ದನಗಳ ಹಿಂಡು ಟಿಪ್ಪುವಿನ ಕಾಲಕ್ಕೆ ‘ಅಮೃತ್ ಮಹಲ್’ ಆಯ್ತು, ಆ ತಳಿಯ ಹೆಸರು ಇವತ್ತಿಗೂ ಅದೇ. ನಿಲ್ಲಿಸೋದರ ಬಗ್ಗೆ ಯಾರೂ ಅಷ್ಟು ತಲೆ ಕೆಡಿಸಿಕೊಂಡಿರಲಿಲ್ಲ, ಯಾಕಂದ್ರೆ ಎತ್ತು ನಿಂತರೆ ಗಾಡಿ ನಿಲ್ತು. ಎತ್ತೇ ಇಂಜಿನ್ನು, ಎತ್ತೇ ಬ್ರೇಕು.

ಇಳಿಜಾರಲ್ಲಿ ಮಾತ್ರ ಎತ್ತಿನ ಕತ್ತಿಗೆ ನೊಗ ಒತ್ತುತ್ತೆ. ಅಲ್ಲಿ ಜನ ಉಪಾಯ ಹುಡುಕಿದರು. ಚಕ್ರದ ಕಬ್ಬಿಣದ ಪಟ್ಟಿಗೆ ತಾಗೋ ಹಾಗೆ ಒಂದು ಮರದ ತುಂಡು, ಅದನ್ನ ಬಿಗಿಯೋಕೆ ಒಂದು ಹಗ್ಗ. ಅಪ್ಪ ಹುಡುಗರಾಗಿದ್ದಾಗ ಮಂಡ್ಯಕ್ಕೆ ಕಬ್ಬು ಹೊಡೆಯುವಾಗ ಆ ಹಗ್ಗ ಹಿಡಿದು ಕೂರೋದು ಅವರ ಕೆಲಸ. 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಶುರುವಾದ ಮೇಲೆ ನಮ್ಮ ಕಡೆಯ ಎಷ್ಟೋ ಮನೆಗಳ ಹುಡುಗರಿಗೆ ಕಬ್ಬಿನ ಗಾಡಿಯೇ ಮೊದಲ ಡ್ರೈವಿಂಗ್ ಸ್ಕೂಲು. ಮರ ಸವೆದಿದೆಯಾ, ಹಗ್ಗ ಪಿಸಿದಿದೆಯಾ ಅಂತ ಕಣ್ಣಿಗೇ ಕಾಣ್ತಿತ್ತು. ಇದು ನೆನಪಿರಲಿ, ಮುಂದೆ ಬೇಕಾಗುತ್ತೆ.

ಮೋಟಾರು ಬಂದಾಗ ಮೊದಲು ಬಳಸಿದ್ದೂ ಇದೇ ಗಾಡಿ ಬ್ರೇಕನ್ನೇ. 1888ರಲ್ಲಿ ಜರ್ಮನಿಯ ಬೆರ್ತಾ ಬೆಂಜ್ ಗಂಡನ ಕಾರನ್ನ ತೆಗೆದುಕೊಂಡು ಇಬ್ಬರು ಮಕ್ಕಳ ಜೊತೆ ಮ್ಯಾನ್‌ಹೈಮಿನಿಂದ ತವರೂರು ಫೋರ್ಟ್ಸ್‌ಹೈಮಿಗೆ ಹೊರಟಳು. ಇಳಿಜಾರುಗಳಲ್ಲಿ ಮರದ ಬ್ರೇಕು ಸವೆದುಹೋದಾಗ ದಾರಿಯಲ್ಲಿ ಒಬ್ಬ ಚಮ್ಮಾರನ ಕೈಲಿ ಅದಕ್ಕೆ ಚರ್ಮ ಹೊಡೆಸಿಕೊಂಡಳು ಅನ್ನೋ ಕಥೆ ಪ್ರಸಿದ್ಧ. ಮುಂದೆ ಇಂಗ್ಲೆಂಡಿನಲ್ಲಿ ಹರ್ಬರ್ಟ್ ಫ್ರೂಡ್ ಅನ್ನೋನು, ಗುಡ್ಡದ ಕಡೆಯ ಗಾಡಿಯವರು ಹಳೇ ಬೂಟನ್ನ ಬ್ರೇಕಿಗೆ ಹೊಡೆಯೋದು ನೋಡಿ, ಅದಕ್ಕಿಂತ ಒಳ್ಳೇದು ಮಾಡ್ತೀನಿ ಅಂತ 1897ರಲ್ಲಿ ಬ್ರೇಕ್ ಲೈನಿಂಗ್ ಕಂಪನಿ ಶುರುಮಾಡಿದ. ಅದೇ ಫೆರೋಡೋ. ಇವತ್ತಿನ ಬ್ರೇಕ್ ಪ್ಯಾಡಿನ ಮುತ್ತಜ್ಜ ಒಂದು ಹಳೇ ಚಪ್ಪಲಿ ಅಂದರೂ ತಪ್ಪಿಲ್ಲ.

1902ರ ಹೊತ್ತಿಗೆ ಫ್ರಾನ್ಸಿನ ಲೂಯಿ ರೆನೋ ಡ್ರಮ್ ಬ್ರೇಕು ಮಾಡಿದ. ಅದೇ ವರ್ಷ ಇಂಗ್ಲೆಂಡಿನ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ತಗೊಂಡ, ಆದರೆ ಅವನು ಹಾಕಿದ ತಾಮ್ರದ ಪ್ಯಾಡು ಕಿರುಚಿ ಪ್ರಾಣ ತಿಂತಿತ್ತು. ಎಲ್ಲರದ್ದೂ ಇನ್ನೊಂದು ತೊಂದರೆ ಏನಂದ್ರೆ, ಕಾಲು ಒಂದು, ಚಕ್ರ ನಾಲ್ಕು. ಸರಳು, ತಂತಿಯಲ್ಲಿ ಎಳೆದರೆ ಒಂದು ಚಕ್ರಕ್ಕೆ ಜಾಸ್ತಿ, ಇನ್ನೊಂದಕ್ಕೆ ಕಮ್ಮಿ. ಕಾರು ಪಕ್ಕಕ್ಕೆ ಎಳೀತಿತ್ತು.

ಉತ್ತರ ಬಹಳ ಹಿಂದೇನೇ ಸಿಕ್ಕಿತ್ತು. ಮುಚ್ಚಿದ ದ್ರವವನ್ನ ಒಂದು ಕಡೆ ಒತ್ತಿದರೆ ಒತ್ತಡ ಎಲ್ಲ ಕಡೆಗೂ ಒಂದೇ ಸಮ ಹೋಗುತ್ತೆ ಅಂತ ಪ್ಯಾಸ್ಕಲ್ 17ನೇ ಶತಮಾನದಲ್ಲೇ ಹೇಳಿದ್ದ. ನಾವೆಲ್ಲ ಹೈಸ್ಕೂಲಲ್ಲಿ ಉರು ಹೊಡೆದದ್ದು. ಶ್ರೀರಂಗಪಟ್ಟಣದ ಎರಡು ಯುದ್ಧಗಳ ನಡುವೆ, 1795ರಲ್ಲಿ, ಲಂಡನ್ನಿನ ಜೋಸೆಫ್ ಬ್ರಾಮಾ ಆ ತತ್ತ್ವದಿಂದ ಹೈಡ್ರಾಲಿಕ್ ಪ್ರೆಸ್ ಮಾಡಿ ಪೇಟೆಂಟನ್ನೂ ತಗೊಂಡ. ಅದು ಕಾರಿನ ಚಕ್ರಕ್ಕೆ ಬರೋಕೆ ಇನ್ನೂ ನೂರಿಪ್ಪತ್ತು ವರ್ಷ ಬೇಕಾಯ್ತು. 1917ರಲ್ಲಿ ಅಮೆರಿಕದ ಮಾಲ್ಕಂ ಲಾಕ್‌ಹೀಡ್ ಹೈಡ್ರಾಲಿಕ್ ಬ್ರೇಕಿಗೆ ಪೇಟೆಂಟ್ ಪಡೆದ. 1921ರ ಡ್ಯೂಸನ್‌ಬರ್ಗ್ ಕಾರಿಗೆ ನಾಲ್ಕೂ ಚಕ್ರಕ್ಕೆ ಅದು ಬಂತು, 1924ರಲ್ಲಿ ಕ್ರೈಸ್ಲರ್ ಅದನ್ನ ಸುಧಾರಿಸಿ ತನ್ನ ಕಾರಿಗೆ ಹಾಕಿತು. ಹೆನ್ರಿ ಫೋರ್ಡ್ ಮಾತ್ರ ಸರಳು-ತಂತಿಯನ್ನೇ ನಂಬಿಕೊಂಡಿದ್ದ. ಫೋರ್ಡ್ ಕಾರಿಗೆ ಹೈಡ್ರಾಲಿಕ್ ಬಂದದ್ದು 1939ಕ್ಕೆ. ಡಿಸ್ಕ್ ಬ್ರೇಕಿಗೆ ಮರುಜನ್ಮ ಸಿಕ್ಕಿದ್ದು 1953ರಲ್ಲಿ ಜಾಗ್ವಾರ್ ಲೆ ಮಾನ್ ರೇಸು ಗೆದ್ದಾಗ. ನಮ್ಮ ಅಂಬಾಸಿಡರು, ಪದ್ಮಿನಿ ಕಾರುಗಳು ಬಹುಕಾಲ ಡ್ರಮ್ಮಿನಲ್ಲೇ ಓಡಿದವು.

ಫೋರ್ಡನದ್ದು ಬರೀ ಹಠ ಅಂತ ನಾನು ಮೊದಲು ನಗ್ತಿದ್ದೆ. ಬೆಟ್ಟದಿಂದ ಇಳಿದ ಮೇಲೆ ನಗು ಬರಲಿಲ್ಲ. ಸರಳು ತುಂಡಾದರೆ ಕಾಣುತ್ತೆ. ಪೈಪಿನೊಳಗಿನ ಎಣ್ಣೆ ಕೆಟ್ಟರೆ ಕಾಣಲ್ಲ.

ನನ್ನ ಕಾರಿನಲ್ಲಿ ಆಗಿದ್ದು ಇಷ್ಟು. ಎಡ ಕ್ಯಾಲಿಪರಿನ ಪಿಸ್ಟನ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಕಾಲು ತೆಗೆದರೂ ಪ್ಯಾಡು ಡಿಸ್ಕನ್ನ ಬಿಡ್ತಿರಲಿಲ್ಲ. ಬೆಂಗಳೂರಿಂದ ಉಜ್ಜಿಕೊಂಡೇ ಬಂದು ಕಾದಿತ್ತು. ಇನ್ನು ಬ್ರೇಕ್ ಆಯಿಲ್. ಅದು ಗಾಳಿಯಲ್ಲಿರೋ ತೇವ ಹೀರಿಕೊಳ್ಳೋ ಜಾತಿ. ಡಾಟ್ 3 ಅನ್ನೋ ಎಣ್ಣೆ ಹೊಸದಾಗಿದ್ದಾಗ ಕಮ್ಮಿ ಅಂದ್ರೂ 205 ಡಿಗ್ರಿವರೆಗೆ ಕುದಿಯಬಾರದು ಅನ್ನೋದು ನಿಯಮ. ಶೇಕಡಾ 3.7ರಷ್ಟು ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತೆ. ಕುದ್ದರೆ ಆವಿ. ದ್ರವವನ್ನ ಅದುಮೋಕೆ ಆಗಲ್ಲ, ಆವಿಯನ್ನ ಅದುಮಬಹುದು. ನನ್ನ ಕಾಲಿನ ಬಲವೆಲ್ಲ ಗುಳ್ಳೆ ಅದುಮೋಕೆ ಹೋಯ್ತು. ಆರಿದ ಮೇಲೆ ಆವಿ ಮತ್ತೆ ದ್ರವ ಆಯ್ತು, ಪೆಡಲ್ ಗಟ್ಟಿ ಆಯ್ತು. ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕಾದ ಎಣ್ಣೆಯನ್ನ ನಾನು ಆರು ವರ್ಷ ಮುಟ್ಟಿರಲಿಲ್ಲ. ತಪ್ಪು ಪೂರ್ತಿ ನಂದೇ.

ಮುಂದಿನ ವಾರ ಮೈಸೂರಿಂದ ಎರಡು ಕ್ಯಾಲಿಪರು, ಪ್ಯಾಡು, ಹೊಸ ತಾಮ್ರದ ವಾಷರು, ಸೀಲ್ ಒಡೆಯದ ಎಣ್ಣೆ ಡಬ್ಬಿ ತಂದು ನಮ್ಮ ಹಟ್ಟಿ ಮುಂದೆ ಕೂತೆ. ಇಂಜಿನಿಯರ್ ಅಲ್ವಾ, ನಾನೇ ಮಾಡ್ತೀನಿ ಅನ್ನೋ ಹಮ್ಮು. ಹಿಂದಿನ ಚಕ್ರಕ್ಕೆ ಅಡ್ಡ ಕೊಟ್ಟು, ಜಾಕ್ ಏರಿಸಿ, ಬರೀ ಜಾಕ್ ನಂಬದೆ ಕೆಳಗೆ ಸ್ಟ್ಯಾಂಡ್ ಇಟ್ಟು, ಚಕ್ರ ಬಿಚ್ಚಿದೆ. ಹಳೇ ಕ್ಯಾಲಿಪರ್ ತೆಗೆದು ಹೊಸದು ಕೂರಿಸಿ, ಹೋಸ್ ಬೋಲ್ಟಿಗೆ ಹೊಸ ವಾಷರ್ ಹಾಕಿ ಬಿಗಿದೆ. ಎರಡು ಗಂಟೆ ಕೆಲಸ.

ಆಮೇಲೆ ಬ್ಲೀಡಿಂಗು, ನಮ್ಮ ಮೆಕ್ಯಾನಿಕ್‌ಗಳ ಮಾತಲ್ಲಿ ‘ಏರ್ ತೆಗೆಯೋದು’. ನಿಪ್ಪಲಿಗೆ ಪೈಪ್ ಸಿಕ್ಕಿಸಿ, ಪೈಪಿನ ತುದಿಯನ್ನ ಸ್ವಲ್ಪ ಎಣ್ಣೆ ಇರೋ ಬಾಟಲಿಯಲ್ಲಿ ಮುಳುಗಿಸಬೇಕು. ಒಬ್ಬರು ಪೆಡಲ್ ಒತ್ತಿ ಹಿಡೀಬೇಕು. ಇನ್ನೊಬ್ಬರು ನಿಪ್ಪಲ್ ಸಡಿಲಿಸಿ, ಎಣ್ಣೆ ಗುಳ್ಳೆ ಸಮೇತ ಬಂದ ಮೇಲೆ ಬಿಗೀಬೇಕು. ಬಿಗಿದ ಮೇಲೇನೇ ಪೆಡಲ್ ಬಿಡಬೇಕು, ಮೊದಲೇ ಬಿಟ್ಟರೆ ಹೊರಗಿನ ಗಾಳಿ ಒಳಗೆ. ಮೇಲಿನ ಡಬ್ಬಿ ಖಾಲಿ ಆಗೋಕೆ ಬಿಡಬಾರದು. ಪೆಡಲ್ ಮೇಲೆ ಅವ್ವ ಕೂತರು. “ಒತ್ತು”, “ಹಿಡ್ಕೊ”, “ಬಿಡು” ಅಂತ ಮಧ್ಯಾಹ್ನದವರೆಗೂ ಕೂಗಿದೆ. ಒಂದು ಲೀಟರ್ ಎಣ್ಣೆ ಖರ್ಚಾಯ್ತು, ಹಳೇದು ಕಾಫಿ ಡಿಕಾಕ್ಷನ್ ಬಣ್ಣದಲ್ಲಿ ಬಂತು, ಆಮೇಲೆ ತಿಳಿ ಎಣ್ಣೆಯೂ ಬಂತು. ಪೆಡಲ್ ಮಾತ್ರ ಇನ್ನೂ ಮೆತ್ತಗೆ.

ತೋಟದಿಂದ ಬಂದ ಅಪ್ಪ ಕುಕ್ಕರಗಾಲಲ್ಲಿ ಕೂತು ಚಕ್ರದ ಜಾಗ ನೋಡಿದರು.

“ಏನ್ಲಾ ಮಗ, ಇದ್ರೊಳಗಿಂದ ಏನ್ ತೆಗೀತಿದ್ದೀಯ?”

“ಗಾಳಿ ಅಪ್ಪ.”

“ಗಾಳಿ ಮೇಲಕ್ಕೆ ಹೋಯ್ತದೆ ಕಣ್ಲಾ. ನೀನು ಕೆಳಗಡೆ ಬಾಗ್ಲು ತೆಗೆದು ಕುಂತಿದ್ದೀಯಲ್ಲ.”

ನೋಡಿದೆ. ಎಡಗಡೆಯ ಕ್ಯಾಲಿಪರನ್ನ ಬಲಕ್ಕೆ, ಬಲದ್ದನ್ನ ಎಡಕ್ಕೆ ಹಾಕಿದ್ದೆ. ಬೋಲ್ಟೆಲ್ಲ ಸರಿಯಾಗಿ ಕೂತಿತ್ತು, ಆದರೆ ಮೇಲ್ಗಡೆ ಇರಬೇಕಾದ ನಿಪ್ಪಲ್ ಕೆಳಗಿತ್ತು. ಗುಳ್ಳೆಗಳು ಮೇಲೆ ಆರಾಮಾಗಿ ಕೂತಿದ್ದವು, ನಾನು ಕೆಳಗಿಂದ ಒಳ್ಳೇ ಎಣ್ಣೆ ಸುರೀತಾ ಇದ್ದೆ. ಅಪ್ಪ ಪ್ಯಾಸ್ಕಲ್ ಓದಿದವರಲ್ಲ. ನಲವತ್ತು ವರ್ಷ ಬಾವಿಯ ಪಂಪ್‌ಸೆಟ್ಟಿಗೆ ನೀರು ತುಂಬಿ, ಮೇಲಿನ ತಿರುಪು ಸಡಿಲಿಸಿ ಗಾಳಿ ಬಿಟ್ಟು, ಫುಟ್ ವಾಲ್ವ್ ಸೋರುತ್ತಾ ಅಂತ ಕಿವಿಗೊಟ್ಟು ಕೇಳಿದವರು. ಗಾಳಿ ಹಿಡಿದ ಪಂಪು ಎಷ್ಟು ತಿರುಗಿದರೂ ನೀರೆತ್ತಲ್ಲ ಅನ್ನೋದು ಅವರಿಗೆ ಕೈಗೇ ಗೊತ್ತಿತ್ತು.

ಅದಲುಬದಲು ಮಾಡಿ ಹಾಕಿದೆ. ಎರಡೂ ಕಡೆ ಹತ್ತು ಹತ್ತು ಸಲ ಒತ್ತೋದರಲ್ಲಿ ಗುಳ್ಳೆ ಬಂದು ಬಂದು ನಿಂತವು. ಪೆಡಲ್ ಕಲ್ಲಿನ ಹಾಗೆ ಆಯ್ತು. ಹಿಂದಿನ ಚಕ್ರಗಳ ಎಣ್ಣೆಯನ್ನೂ ಬದಲಾಯಿಸಿ, ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ನಾಲ್ಕಾರು ಸಲ ನಿಲ್ಲಿಸಿ ನೋಡಿ, ಊರಿನ ಮೆಕ್ಯಾನಿಕ್ ಕೈಲಿ ಒಮ್ಮೆ ಪರೀಕ್ಷೆ ಮಾಡಿಸಿದ ಮೇಲೇ ಅವ್ವನನ್ನ ಹತ್ತಿಸಿಕೊಂಡಿದ್ದು. ನನ್ನದು ಎಬಿಎಸ್ ಇಲ್ಲದ ಹಳೇ ಕಾರು. ಎಬಿಎಸ್ ಇರೋ ಎಷ್ಟೋ ಕಾರುಗಳಲ್ಲಿ ಗಾಳಿ ಪೂರ್ತಿ ತೆಗೆಯೋಕೆ ಕಂಪ್ಯೂಟರ್ ಬೇಕು, ಅಲ್ಲಿ ಈ ಹಟ್ಟಿ ಮುಂದಿನ ಸಾಹಸ ಬೇಡ.

ರೈಲಿನವರು ಈ ವಿಷಯದಲ್ಲಿ ಜಾಣರು. 1870ರ ದಶಕದಲ್ಲೇ ವೆಸ್ಟಿಂಗ್‌ಹೌಸ್ ಅನ್ನೋನು ಲೆಕ್ಕವನ್ನ ಉಲ್ಟಾ ಮಾಡಿದ. ಗಾಳಿಯ ಒತ್ತಡ ಇದ್ದಾಗ ಬ್ರೇಕು ಬಿಟ್ಟಿರುತ್ತೆ, ಪೈಪ್ ಒಡೆದು ಒತ್ತಡ ಹೋದರೆ ತಾನಾಗೇ ಹಿಡಿಯುತ್ತೆ. ಕೆಟ್ಟರೆ ರೈಲು ನಿಲ್ಲುತ್ತೆ. ನಮ್ಮ ಕಾರಿನದ್ದು ಹಾಗಲ್ಲ, ಕೆಟ್ಟರೆ ನಿಲ್ಲಲ್ಲ. ಅದಕ್ಕೇ ಮುಂದೆ ಪೈಪನ್ನ ಎರಡು ಭಾಗ ಮಾಡಿದರು, ಒಂದು ಸೋರಿದರೂ ಇನ್ನೊಂದಿರಲಿ ಅಂತ. ಆದರೆ ಎಣ್ಣೆ ಹಳೇದಾಗೋದನ್ನ ಎರಡು ಪೈಪೂ ತಡೆಯಲ್ಲ. ಅದನ್ನ ಯಾರಾದರೂ ನೆನಪಿಟ್ಟುಕೊಳ್ಳಲೇಬೇಕು.

ಕಾರ್ನ್‌ವಾಲಿಸನಿಗೆ ಎತ್ತು ಸಾಯೋದು ಕಣ್ಣಿಗೆ ಕಂಡಿತ್ತು, ವಾಪಸ್ ಹೋದ. ಅಪ್ಪನಿಗೆ ಹಗ್ಗ ಪಿಸಿಯೋದು ಕಾಣ್ತಿತ್ತು, ಬದಲಾಯಿಸ್ತಿದ್ದರು. ನಮ್ಮ ಕಾಲದಲ್ಲಿ ಎಳೆಯೋದು ಸುಲಭ ಆಯ್ತು, ನಿಲ್ಲಿಸೋದು ಕಣ್ಣಿಗೆ ಕಾಣದ ಜಾಗಕ್ಕೆ ಹೋಯ್ತು.

ಪಂಪ್‌ಸೆಟ್ಟಿನ ಗ್ರೀಸ್ ಹಾಕಿದ ದಿನವನ್ನ ಅಪ್ಪ ಮೋಟಾರು ಮನೆ ಗೋಡೆ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದಿಡ್ತಾರೆ. ಆವತ್ತು ಸಂಜೆ ನಾನು ಕೈ ತೊಳೀತಾ ಇದ್ದಾಗ ಅದೇ ಕಡ್ಡಿ ತಂದು ಕೊಟ್ಟರು. ಅದು ನಿಲ್ಲಲ್ಲ ಅಂತ ಬಾನೆಟ್ಟಿನ ಒಳಗಡೆ ಒಂದು ಟೇಪ್ ಅಂಟಿಸಿ, ಮಾರ್ಕರಿನಲ್ಲಿ ತಾರೀಖು ಬರೆದೆ. ಅದರ ಕೆಳಗೆ, ಎರಡು ವರ್ಷ ಮುಂದಿನ ತಾರೀಖನ್ನೂ.