ಬಡಿಗೇರ

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸಾಫ್ಟ್‌ವೇರ್ ಕಚೇರಿಯಲ್ಲಿ ಉತ್ತರ ಕರ್ನಾಟಕದ ‘ಬಡಿಗೇರ’ ಅಡ್ಡಹೆಸರಿನವರು ಸಿಕ್ಕರೆ, ಅವರ ಮುತ್ತಜ್ಜನ ಕೈಯಲ್ಲಿ ಬಾಚಿ, ಉಳಿ ಇದ್ದಿರಬೇಕು. ಸಂಸ್ಕೃತದ ‘ವರ್ಧಕಿ’ ಪ್ರಾಕೃತ ದಾಟಿ ‘ಬಡಗಿ’ಯಾಯಿತು; ಉತ್ತರದವರ ಬಾಯಲ್ಲಿ ‘ಬಡಿಗ’. ಬಡಿಯುವವನೇ ಬಡಿಗ ಎಂಬ ವಿವರಣೆ ಕೇಳಲು ಚೆಂದ, ನನಗೆ ಒಪ್ಪಿಗೆಯಿಲ್ಲ. ಬಡಿಗೇರ ಮನೆ, ಬಡಿಗೇರ ಓಣಿ ಎನ್ನುವಾಗಿನ ಬಹುವಚನದ ಷಷ್ಠಿಯೇ ಅಡ್ಡಹೆಸರಾಗಿ ನಿಂತಿದೆ. ಕೂರಿಗೆ, ಕುಂಟೆ, ಚಕ್ಕಡಿ ಮಾಡಿಕೊಟ್ಟವರಿಗೆ ಸುಗ್ಗಿಯಲ್ಲಿ ಕಣದಿಂದಲೇ ಆಯದ ಕಾಳು ಸಿಗುತ್ತಿತ್ತು.

ಪಕ್ಕದ ಮೇಜಿನ ‘ಕಾರ್ಟ್‌ರೈಟ್’ ಕೂಡ ಮೂಲದಲ್ಲಿ ಇಂಗ್ಲೆಂಡಿನ ಹಳ್ಳಿಯ ಗಾಡಿ ಬಡಗಿಯೇ. ಆದರೆ ಅವರಿಗೆ ಹಿರಿಯರನ್ನು ಹುಡುಕಲು 1538ರಲ್ಲಿ ಆರಂಭವಾದ ಚರ್ಚ್ ದಾಖಲೆಗಳಿವೆ, ಸ್ಯಾನ್ ಫ್ರಾನ್ಸಿಸ್ಕೊದಲ್ಲೇ ಸೂಟ್ರೊ ಗ್ರಂಥಾಲಯದ ವಂಶಾವಳಿ ಸಂಗ್ರಹವಿದೆ. ನಮ್ಮಲ್ಲಿ ಆ ಕೆಲಸ ಎತ್ತಿನೊಂದಿಗೆ ಊರೂರು ತಿರುಗುವ ಹೆಳವರದು.